ಕುದಿಸಿದರೂ ಹೋಗದ ನೈಟ್ರೇಟ್: ಬೋರ್‌ವೆಲ್ ನೀರು ಕುಡಿಯುವ ಮನೆಗಳಿಗೊಂದು ಕೈಪಿಡಿ

ನೀರು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಹಳೆಯ ದಾರಿಗಳಿವೆ. ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತೇವೆ, ಮೂಸಿ ನೋಡುತ್ತೇವೆ, ಒಂದು ಗುಟುಕು ಕುಡಿದು ಸಿಹಿಯೋ ಸಪ್ಪೆಯೋ ಸವುಳೋ ಹೇಳುತ್ತೇವೆ. ಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಸೋಪು ನೊರೆ ಕೊಡದಿದ್ದರೆ ಗಡಸು ನೀರು. ಅನುಮಾನ ಬಂದರೆ ಕುದಿಸಿ ಆರಿಸಿ ಕುಡಿಯುತ್ತೇವೆ. ಕಾಲರಾ, ಟೈಫಾಯ್ಡ್, ಕಾಮಾಲೆ ಕಲಿಸಿದ ಎಚ್ಚರ ಅದು, ಬಿಡಬೇಕಾದದ್ದಲ್ಲ. ಆದರೆ ನೈಟ್ರೇಟ್ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನಲ್ಲಿರುವ ಮಟ್ಟದಲ್ಲಿ ರುಚಿಯೂ ಇಲ್ಲ. ಕುದಿಸಿದರೆ ಹೋಗುವುದು ಹಾಗಿರಲಿ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಕರ್ನಾಟಕದವರು ಇದನ್ನು ಪಕ್ಕದ ಊರಿನ ಸಮಸ್ಯೆ ಎಂದುಕೊಳ್ಳುವಂತಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿಯಲ್ಲಿ ದೇಶದ ಸುಮಾರು ಶೇ 20ರಷ್ಟು ಮಾದರಿಗಳು ನೈಟ್ರೇಟ್ ಮಿತಿ ಮೀರಿದ್ದವು. ರಾಜಸ್ಥಾನದಲ್ಲಿ ಶೇ 49, ಕರ್ನಾಟಕದಲ್ಲಿ ಶೇ 48, ತಮಿಳುನಾಡಿನಲ್ಲಿ ಶೇ 37. ಅಂದರೆ ನಮ್ಮಲ್ಲಿ ಪರೀಕ್ಷೆಗೆ ತೆಗೆದುಕೊಂಡ ಹೆಚ್ಚುಕಡಿಮೆ ಎರಡರಲ್ಲಿ ಒಂದು ಮಾದರಿ ಮಿತಿಯಾಚೆ ಇತ್ತು. ದೇಶದಲ್ಲಿ ಅಂತರ್ಜಲದ ನೈಟ್ರೇಟ್ ಮಿತಿ ಮೀರಿದ್ದು ಕಂಡುಬಂದ ಜಿಲ್ಲೆಗಳು 2017ರಲ್ಲಿ 359 ಇದ್ದದ್ದು 2023ಕ್ಕೆ 440 ಆದವು.

ಗಾಬರಿ ಬೇಡ. ಯಾರಿಗೆ ಅಪಾಯ, ಎಷ್ಟು ಅಪಾಯ, ಏನು ಮಾಡಿದರೆ ತಪ್ಪುತ್ತದೆ ಎಂಬುದು ಸ್ಪಷ್ಟವಾಗಿ ಗೊತ್ತಿರುವ ವಿಷಯವಿದು. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ಇವತ್ತೇ ನೋಡಬೇಕು. ಉಳಿದವರು ನಿಧಾನವಾಗಿ, ಆದರೆ ತಪ್ಪದೆ ನೋಡಬೇಕು.

ಮಿತಿ ಎಷ್ಟು?

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಗಡಸುತನ, ಕರಗಿದ ಲವಣಗಳ ಒಟ್ಟು ಪ್ರಮಾಣವಾದ ಟಿಡಿಎಸ್‌ನಂಥ ಕೆಲವು ಅಂಶಗಳಿಗೆ ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ ಮಾನಕ ಒಂದಿಷ್ಟು ಸಡಿಲಿಕೆ ಕೊಡುತ್ತದೆ. ನೈಟ್ರೇಟ್‌ಗೆ ಆ ಸಡಿಲಿಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ 50 ಮಿಲಿಗ್ರಾಂ.

ನೆಲದೊಳಗೆ ಇಳಿಯುವುದು ಹೇಗೆ?

ಫ್ಲೋರೈಡ್ ನಮಗೆ ಪರಿಚಿತ. ಕಂದುಗಟ್ಟಿದ ಹಲ್ಲು, ಬಾಗಿದ ಕಾಲು ನೋಡಿ ಗುರುತಿಸುತ್ತೇವೆ. ಅದು ಬರುವುದು ಹೆಚ್ಚಾಗಿ ಆಳದ ಬಂಡೆಯಿಂದ. ನೈಟ್ರೇಟ್ ಬರುವುದು ಮೇಲಿನಿಂದ, ನಮ್ಮ ಅಂಗಳ ಮತ್ತು ಹೊಲದಿಂದ.

ಬಯಲುಸೀಮೆಯ ಒಂದು ಹಿತ್ತಲನ್ನೇ ನೋಡಿ. ಒಂದು ಮೂಲೆಯಲ್ಲಿ ಬೋರ್‌ವೆಲ್. ಅದರಿಂದ ಹತ್ತು ಹೆಜ್ಜೆಗೆ ಕೊಟ್ಟಿಗೆ, ಗಂಜಲ ಹರಿದು ನಿಲ್ಲುವ ತಗ್ಗು. ಅದರಾಚೆ ತಿಪ್ಪೆ. ಮನೆಯ ಇನ್ನೊಂದು ಪಕ್ಕದಲ್ಲಿ ಶೌಚಾಲಯದ ಗುಂಡಿ, ಸುತ್ತ ಸಿಮೆಂಟ್ ರಿಂಗು, ತಳ ಮಾತ್ರ ಬರಿ ಮಣ್ಣು. ಬೇಲಿ ದಾಟಿದರೆ ಟೊಮೆಟೊ ಅಥವಾ ಹಿಪ್ಪುನೇರಳೆ ತೋಟ, ಅಲ್ಲಿ ಯೂರಿಯಾ. ಈ ನಾಲ್ಕೂ ಕಡೆಯಿಂದ ಸಾರಜನಕ ಮಣ್ಣಿಗೆ ಸೇರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯದಿಂದ ನೈಟ್ರೈಟ್, ನೈಟ್ರೈಟ್‌ನಿಂದ ನೈಟ್ರೇಟ್ ಎಂದು ಹಂತಹಂತವಾಗಿ ಬದಲಿಸುತ್ತವೆ. ಗಿಡಕ್ಕೆ ಬೇಕಾದದ್ದೂ ಇದೇ ನೈಟ್ರೇಟ್. ಬೇರು ಹೀರಿಕೊಂಡಷ್ಟು ಬೆಳೆಗೆ, ಮಿಕ್ಕದ್ದು ಮಳೆ ನೀರಿನ ಜೊತೆ ಕೆಳಕ್ಕೆ.

ಮಣ್ಣು ರೋಗಾಣುಗಳನ್ನು ಬಹುಮಟ್ಟಿಗೆ ಸೋಸಿ ಹಿಡಿಯುತ್ತದೆ. ನೈಟ್ರೇಟನ್ನು ಹಿಡಿಯುವುದಿಲ್ಲ. ಜೇಡಿಮಣ್ಣಿನ ಕಣಗಳಿಗೆ ಋಣ ವಿದ್ಯುದಾವೇಶ, ನೈಟ್ರೇಟ್‌ಗೂ ಋಣ ಆವೇಶ, ಎರಡೂ ಒಂದನ್ನೊಂದು ದೂಡುತ್ತವೆ. ಹಾಗಾಗಿ ನೀರು ಹೋದಲ್ಲೆಲ್ಲ ಅದೂ ಹೋಗುತ್ತದೆ. ನಮ್ಮ ರಾಜ್ಯದ ಬಹುಭಾಗದ ಕಲ್ಲುನೆಲದಲ್ಲಿ ನೀರು ಇಳಿಯುವುದು ಬಂಡೆಯ ಬಿರುಕುಗಳಲ್ಲಿ. ಅಂಥ ಕಡೆ ಸಾವಿರ ಅಡಿ ಕೊರೆಸಿದ್ದೇವೆ ಎಂಬ ಧೈರ್ಯ ಸಾಲದು. ಮೇಲಿನ ಭಾಗದ ಕೇಸಿಂಗ್ ಪೈಪ್ ಸುತ್ತ ಸಂದು ಬಿಟ್ಟಿದ್ದರೆ ಹಿತ್ತಲಿನ ನೀರು ನೇರವಾಗಿ ಬೋರ್‌ವೆಲ್ಲಿಗೇ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇ 46ರಂತೆ ಸುಮಾರು 20.7 ಕೆ.ಜಿ. ಸಾರಜನಕವಿರುತ್ತದೆ. ಅದರ ನಾಲ್ಕನೇ ಒಂದು ಭಾಗ ಮಾತ್ರ ಬೆಳೆಗೆ ದಕ್ಕದೆ ನೈಟ್ರೇಟ್ ಆಗಿ ಕೆಳಗಿಳಿಯಿತು ಎಂದುಕೊಳ್ಳಿ. ಅಷ್ಟು ಸಾಕು, ಐದು ಲಕ್ಷ ಲೀಟರ್ ಶುದ್ಧ ನೀರನ್ನು 45 ಮಿಲಿಗ್ರಾಂ ಮಿತಿಗೆ ತಂದು ನಿಲ್ಲಿಸಲು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತಕ್ಕೂ ಹೆಚ್ಚು ಟ್ಯಾಂಕರ್ ನೀರು.

ನಗರದವರಿಗೆ ಹೊಲ ಇಲ್ಲ, ಆದರೆ ಇಂಗುಗುಂಡಿ, ಒಡೆದ ಒಳಚರಂಡಿ, ಕೊಳಚೆ ತುಂಬಿದ ರಾಜಕಾಲುವೆ ಇವೆ. ಒಳಚರಂಡಿ ತಡವಾಗಿ ಬಂದ ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಪ್ರತಿ ಮನೆಗೊಂದು ಗುಂಡಿ, ಪ್ರತಿ ಮನೆಗೊಂದು ಬೋರ್‌ವೆಲ್ ಎಂಬ ಸ್ಥಿತಿ ವರ್ಷಗಟ್ಟಲೆ ಇತ್ತು. ಪಕ್ಕದ ಮನೆಯ ಗುಂಡಿಗೂ ನಮ್ಮ ಬೋರ್‌ವೆಲ್ಲಿಗೂ ನಡುವೆ ಇರುವುದು 30–40ರ ಸೈಟಿನ ಅಗಲ ಅಷ್ಟೇ.

ಹಸುಗೂಸಿಗೆ ಯಾಕೆ ಹೆಚ್ಚು ಅಪಾಯ?

1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ, ತೋಟದ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಶಿಶುಗಳು ನೀಲಿಗಟ್ಟುವುದನ್ನು ವರದಿ ಮಾಡಿದರು. ಕಾರಣ ಬಾವಿಯ ನೈಟ್ರೇಟ್. ಇಂದು ಲೋಕದ ಬಹುತೇಕ ಕಡೆ ಇರುವ ಮಿತಿ ನಿಂತಿರುವುದು ಆ ಬಗೆಯ ಶಿಶುಗಳನ್ನು ಕಾಪಾಡುವ ಉದ್ದೇಶದ ಮೇಲೆ.

ಒಳಗೆ ನಡೆಯುವುದಿಷ್ಟು. ನೈಟ್ರೇಟ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಹೊಟ್ಟೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ರೂಪ ಬದಲಿಸುತ್ತದೆ. ಹೀಗೆ ಬದಲಾದ ಹಿಮೋಗ್ಲೋಬಿನ್ನಿಗೆ ಮೆಥ್‌ಹಿಮೋಗ್ಲೋಬಿನ್ ಎಂದು ಹೆಸರು. ಅದು ಆಮ್ಲಜನಕ ಹೊರಲಾರದು. ದೊಡ್ಡವರ ರಕ್ತದಲ್ಲಿ ಒಂದು ಕಿಣ್ವ ಇದನ್ನು ಮತ್ತೆ ಸರಿಮಾಡುತ್ತಿರುತ್ತದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಆ ಕಿಣ್ವದ ಶಕ್ತಿ ಕಡಿಮೆ. ಜಠರದ ಆಮ್ಲವೂ ಕಡಿಮೆ, ಹಾಗಾಗಿ ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಅನುಕೂಲ. ಜೊತೆಗೆ ಹಸುಗೂಸಿನ ಹಿಮೋಗ್ಲೋಬಿನ್ ಬೇಗ ಬದಲಾಗುವ ಜಾತಿಯದು.

ಪ್ರಮಾಣವನ್ನೂ ಗಮನಿಸಿ. ನಾಲ್ಕು ಕೆ.ಜಿ. ತೂಕದ ಕೂಸು ದಿನಕ್ಕೆ ಸುಮಾರು 600 ಮಿ.ಲೀ. ಬಾಟಲಿ ಹಾಲು ಕುಡಿಯುತ್ತದೆ, ಅದರಲ್ಲಿ ಹೆಚ್ಚಿನದು ನೀರೇ. ಅರವತ್ತು ಕೆ.ಜಿ.ಯವರು ಎರಡು ಲೀಟರ್ ಕುಡಿಯುತ್ತಾರೆ. ತೂಕಕ್ಕೆ ಹೋಲಿಸಿದರೆ ಕೂಸಿನ ಪಾಲು ನಾಲ್ಕು ಪಟ್ಟಿಗೂ ಹೆಚ್ಚು.

ನಮ್ಮ ಮನೆಗಳ ಒಳ್ಳೆಯ ಅಭ್ಯಾಸವೇ ಇಲ್ಲಿ ತಿರುಗಿ ಬೀಳುತ್ತದೆ. "ಕುದ್ಸಿ ಆರ್ಸಿದ ನೀರೇ ಹಾಕ್ತಿರೋದು ಕಣಮ್ಮ, ಇನ್ನೇನು ಮಾಡ್ಬೇಕು?" ಎಂದು ಅಜ್ಜಿ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಪ್ಪಿಲ್ಲ. ಒಂದು ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇರುವ ನೀರು ಮಿತಿಯೊಳಗೇ ಇದೆ. ಅದನ್ನು ಮುಕ್ಕಾಲು ಲೀಟರ್ ಆಗುವವರೆಗೆ ಕುದಿಸಿದರೆ ಲೀಟರಿಗೆ 53 ಆಗುತ್ತದೆ. ಕುದಿಸುವ ಮೊದಲು ಪಾಸಾಗಿದ್ದ ನೀರು ಕುದಿಸಿದ ಮೇಲೆ ಫೇಲು. ನೈಟ್ರೇಟ್ ಕಡಿಮೆಯಿರುವ ನೀರನ್ನು ಆರಿಸಿ, ಅದನ್ನು ರೋಗಾಣು ಸಾಯುವಷ್ಟು ಹೊತ್ತು ಮಾತ್ರ, ಅಂದರೆ ತಳಬಳ ಕುದಿ ಬಂದ ಮೇಲೆ ಒಂದೆರಡು ನಿಮಿಷ ಕುದಿಸುವುದು ಸರಿಯಾದ ಕ್ರಮ. ಬತ್ತಿಸಬಾರದು.

ಎಲ್ಲಕ್ಕಿಂತ ಸುಲಭವಾದ ರಕ್ಷಣೆ ತಾಯಿಯ ಹಾಲು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲಿ ಚಮಚ ನೀರು ಕೂಡ ಬೇಡ ಎಂಬುದು ವೈದ್ಯರ ಸಲಹೆ. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿಗೆ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಹಾಗಾಗಿ ಬೋರ್‌ವೆಲ್ ನೀರು ಕುಡಿಯುತ್ತೇನೆ ಎಂದು ಹೆದರಿ ಯಾವ ತಾಯಿಯೂ ಹಾಲು ಬಿಡಿಸಬೇಕಿಲ್ಲ. ತೇಯ್ದ ಬಜೆ, ಗುಟ್ಟಿ, ಗ್ರೈಪ್ ವಾಟರ್ ಎಂದು ಕೊಡುವ ನೀರನ್ನೂ ಬಿಡುವುದು ಒಳ್ಳೆಯದು. ಆರು ತಿಂಗಳ ಮೇಲೆ ರಾಗಿ ಸರಿ, ಮಣ್ಣಿ ಮಾಡುವಾಗಲೂ ಪರೀಕ್ಷಿಸಿದ ನೀರನ್ನೇ ಬಳಸಿ.

ಲಕ್ಷಣ ಕಂಡರೆ

• ತುಟಿ, ಉಗುರು, ಅಂಗೈ, ಅಂಗಾಲು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಒಸಡು, ನಾಲಿಗೆ, ಉಗುರಿನ ಬುಡದಲ್ಲಿ ಬೇಗ ಗೊತ್ತಾಗುತ್ತದೆ.
• ಹಾಲು ಕುಡಿಯಲು ಒಲ್ಲದಿರುವುದು, ಕಿರಿಕಿರಿ, ಆಮೇಲೆ ಮಂಕು.
• ಉಸಿರು ಜೋರಾಗುವುದು, ಎದೆಬಡಿತ ಹೆಚ್ಚುವುದು.

ಮೈ ನೀಲಿಯಾಗಲು ಹೃದಯದ ದೋಷ, ನ್ಯುಮೋನಿಯಾದಂಥ ಬೇರೆ ಕಾರಣಗಳೂ ಇವೆ, ಎಲ್ಲವೂ ತುರ್ತೇ. ಮನೆಯಲ್ಲಿ ಕಾರಣ ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಕೂಸಿಗೆ ಬಾಟಲಿ ಹಾಲು ಕೊಡುತ್ತಿದ್ದರೆ ಯಾವ ನೀರಿನಲ್ಲಿ ಕಲಸುತ್ತಿದ್ದೀರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಸಾಧ್ಯವಾದರೆ ಆ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿ.

ನೈಟ್ರೇಟಿನಿಂದಾದ ತೊಂದರೆಯಲ್ಲಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿದರೆ ಮಾಮೂಲಿ ರಕ್ತ ಗಾಳಿಗೆ ಕೆಂಪಾಗುತ್ತದೆ, ಇದು ಕಂದಾಗಿಯೇ ಉಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಹೋಗುತ್ತದೆ. ತೊಂದರೆ ಎಷ್ಟೇ ಹೆಚ್ಚಿದ್ದರೂ ಅದು 85ರ ಆಸುಪಾಸಿನಲ್ಲಿ ನಿಂತುಬಿಡಬಹುದು, ಹಾಗಾಗಿ ಮನೆಯ ಆಕ್ಸಿಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಇದಕ್ಕೆ ಮೆಥಿಲೀನ್ ಬ್ಲೂ ಎಂಬ ಔಷಧ ಇದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಆ ಔಷಧ ಕೊಡುವಂತಿಲ್ಲ. ಕುಟುಂಬದಲ್ಲಿ ಯಾರಿಗಾದರೂ ಆ ಕೊರತೆ ಇದ್ದರೆ ಮೊದಲೇ ತಿಳಿಸಿ.

ಭೇದಿಯಾಗಿರುವ ಕೂಸಿಗೆ ಅಪಾಯ ಇನ್ನೂ ಹೆಚ್ಚು. ಕರುಳಿನ ಸೋಂಕಿನಿಂದ ದೇಹದೊಳಗೇ ನೈಟ್ರೈಟ್ ಹೆಚ್ಚುತ್ತದೆ. ಶೌಚದ ಗುಂಡಿಯಿಂದ ಬಂದ ನೈಟ್ರೇಟ್ ಇರುವ ನೀರಿನಲ್ಲಿ ರೋಗಾಣುಗಳೂ ಇರುವ ಸಾಧ್ಯತೆ ಇರುವುದರಿಂದ ಎರಡೂ ಒಟ್ಟಿಗೆ ಬರುತ್ತವೆ.

ದೊಡ್ಡವರಿಗೆ?

ಆರೋಗ್ಯವಂತ ದೊಡ್ಡವರು 60–70 ಮಿಲಿಗ್ರಾಂ ನೈಟ್ರೇಟ್ ಇರುವ ನೀರು ಕುಡಿದ ಮಾತ್ರಕ್ಕೆ ನೀಲಿಯಾಗುವುದಿಲ್ಲ. ಅವರ ವಿಷಯದಲ್ಲಿ ಪ್ರಶ್ನೆ ಇರುವುದು ವರ್ಷಗಟ್ಟಲೆ ಕುಡಿದರೆ ಏನು ಎಂಬುದು.

ಕ್ಯಾನ್ಸರ್: ನೈಟ್ರೈಟ್ ಹೊಟ್ಟೆಯಲ್ಲಿ ಪ್ರೋಟೀನ್ ಮೂಲದ ಕೆಲವು ಅಂಶಗಳೊಂದಿಗೆ ಸೇರಿ ನೈಟ್ರೋಸೊ ಸಂಯುಕ್ತಗಳಾಗುತ್ತದೆ. ಇವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ, ದೇಹದೊಳಗೆ ಇಂಥ ಸಂಯುಕ್ತಗಳಾಗುವ ಸ್ಥಿತಿಯಲ್ಲಿ ಸೇವಿಸಿದ ನೈಟ್ರೇಟ್, ನೈಟ್ರೈಟ್‌ಗಳನ್ನು "ಬಹುಶಃ ಕ್ಯಾನ್ಸರ್‌ಕಾರಕ" ಗುಂಪಿಗೆ ಸೇರಿಸಿತು. ಡೆನ್ಮಾರ್ಕ್‌ನಲ್ಲಿ ಸುಮಾರು 27 ಲಕ್ಷ ಜನರ ದಾಖಲೆ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮಾತು ಹೇಳಿತು. ನೈಟ್ರೇಟ್ ಲೀಟರಿಗೆ 4 ಮಿಲಿಗ್ರಾಂ ಸಮೀಪಿಸುವಾಗಲೇ ದೊಡ್ಡ ಕರುಳಿನ ಕ್ಯಾನ್ಸರ್ ತುಸು ಹೆಚ್ಚು ಕಂಡಿತು. ಇದು ಅಂಕಿಅಂಶಗಳ ನಂಟು. ನೈಟ್ರೇಟೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ 45 ಎಂಬ ಮಿತಿ ಶಿಶುಗಳ ತುರ್ತು ಅಪಾಯ ನೋಡಿ ಇಟ್ಟದ್ದು ಎಂಬುದನ್ನು ನೆನಪಿಡಿ. ಜೀವನವಿಡೀ ಕುಡಿಯುವ ನೀರಿನಲ್ಲಿ ಅದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಥೈರಾಯ್ಡ್: ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವ ದಾರಿಯಲ್ಲೇ ನೈಟ್ರೇಟ್ ಅಡ್ಡ ಬರುತ್ತದೆ. ಅಯೋಡಿನ್ ಕೊರತೆ ಇರುವವರಿಗೆ ಇದು ಹೆಚ್ಚು ತಟ್ಟುತ್ತದೆ. ಅಯೋಡಿನ್ ಇರುವ ಉಪ್ಪನ್ನು ಬಿಡಬೇಡಿ.

ಬಸುರಿಯರು: ಅಕಾಲಿಕ ಹೆರಿಗೆ, ಹುಟ್ಟಿನ ದೋಷಗಳ ಜೊತೆ ನಂಟು ತೋರಿಸಿದ ಅಧ್ಯಯನಗಳಿವೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ನೀರು ಬದಲಿಸುವ ಖರ್ಚು ಸಣ್ಣದು, ಆದ್ದರಿಂದ ಬಸುರಿನ ಒಂಬತ್ತು ತಿಂಗಳು ಮಿತಿಯೊಳಗಿನ ನೀರನ್ನೇ ಕೊಡುವುದು ಜಾಣತನ.

ಪರೀಕ್ಷೆ ಮಾಡಿಸುವುದು ಹೇಗೆ?

ಮೊದಲು ಒಂದು ತಪ್ಪು ತಿಳಿವಳಿಕೆ. ಆನ್‌ಲೈನಿನಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ನೈಟ್ರೇಟ್ ತೋರಿಸುವುದಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು. ಟಿಡಿಎಸ್ 300 ಇದೆ, ನೀರು ಒಳ್ಳೆಯದು ಎಂದರೆ ಅದರೊಳಗೆ 80 ನೈಟ್ರೇಟ್ ಅಡಗಿರಬಹುದು.

ಹಳ್ಳಿಯಲ್ಲಿ: ಜಲಜೀವನ್ ಮಿಷನ್ ಮಾರ್ಗಸೂಚಿಯ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸುವ ತರಬೇತಿ ಕೊಡಬೇಕು. ಕಿಟ್ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯಲ್ಲಿರುತ್ತದೆ. ಸಣ್ಣ ಶೀಶೆಯ ನೀರಿಗೆ ಪುಡಿ ಹಾಕಿ ಕಲಕಿ ಕೆಲವು ನಿಮಿಷ ಬಿಟ್ಟರೆ ನೈಟ್ರೇಟ್ ಇದ್ದಷ್ಟೂ ಗುಲಾಬಿ ಬಣ್ಣ ಗಾಢವಾಗುತ್ತದೆ. ಜೊತೆಗಿರುವ ಬಣ್ಣದ ಪಟ್ಟಿಯ ಪಕ್ಕ ಹಿಡಿದು ಓದಬೇಕು. ಮಿತಿಯ ಹತ್ತಿರ ಕಂಡರೆ ಮಾದರಿಯನ್ನು ಲ್ಯಾಬಿಗೆ ಕಳಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು.

ನಗರದಲ್ಲಿ: ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಲ್ಯಾಬ್ ಆರಿಸಿ. ಫಿಲ್ಟರ್ ಮಾರುವವರು ಬಂದು ಮಾಡುವ "ಉಚಿತ ಪರೀಕ್ಷೆ" ಬಹುಮಟ್ಟಿಗೆ ಟಿಡಿಎಸ್ ಮೀಟರಿನ ಆಟ. ಅದನ್ನು ನೆಚ್ಚಬೇಡಿ.

ಮಾದರಿ ಹಿಡಿಯುವಾಗ:

• ಬೋರ್‌ವೆಲ್ ಮೋಟಾರನ್ನು ಐದು–ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ.
• ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ಆಮೇಲೆ ತುಂಬಿ ಮುಚ್ಚಳ ಬಿಗಿಮಾಡಿ.
• ಊರು, ಮೂಲ, ದಿನಾಂಕ, ಹೊತ್ತು ಬರೆದು ಅಂಟಿಸಿ.
• ನೆರಳಿನಲ್ಲಿ, ಸಾಧ್ಯವಾದರೆ ತಂಪಿನಲ್ಲಿಟ್ಟು ಅದೇ ದಿನ ಅಥವಾ ಮಾರನೆಯ ದಿನ ತಲುಪಿಸಿ. ಬಿಸಿಲಲ್ಲಿ ದಿನಗಟ್ಟಲೆ ಇಟ್ಟರೆ ಬ್ಯಾಕ್ಟೀರಿಯಾಗಳು ಲೆಕ್ಕ ಕೆಡಿಸುತ್ತವೆ.
• ರೋಗಾಣು ಪರೀಕ್ಷೆಯೂ ಬೇಕಿದ್ದರೆ ಅದಕ್ಕೆ ಲ್ಯಾಬ್ ಕೊಡುವ ಬೇರೆ ಬಾಟಲಿ ಬೇಕು.

ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಮಾಡಿಸಿದರೆ ಚಿತ್ರ ಪೂರ್ಣವಾಗುತ್ತದೆ. ಮಣ್ಣಿನಲ್ಲಿ ಕೂಡಿಟ್ಟ ನೈಟ್ರೇಟ್ ಮಳೆ ನೀರಿನ ಜೊತೆ ಇಳಿಯುವುದರಿಂದ ಅನೇಕ ಕಡೆ ಮಳೆಯ ನಂತರ ಅಂಕಿ ಏರುತ್ತದೆ.

ವರದಿ ಓದುವಾಗ ಒಂದು ಬಲೆ

ಕೆಲವು ಲ್ಯಾಬ್‌ಗಳು "ನೈಟ್ರೇಟ್" ಎಂದೇ ಬರೆಯುತ್ತವೆ, ಕೆಲವು "ನೈಟ್ರೇಟ್ ರೂಪದ ಸಾರಜನಕ" ಎಂದು ಬರೆಯುತ್ತವೆ. ಎರಡನೆಯದಾದರೆ ಅದನ್ನು 4.43ರಿಂದ ಗುಣಿಸಿ. ವರದಿಯಲ್ಲಿ ಸಾರಜನಕ 12 ಎಂದಿದ್ದರೆ 45ಕ್ಕಿಂತ ಎಷ್ಟೋ ಕಡಿಮೆ ಎಂದು ಖುಷಿಪಡುವ ಹಾಗಿಲ್ಲ. ಅದು 53 ಮಿಲಿಗ್ರಾಂ ನೈಟ್ರೇಟ್, ಮಿತಿ ಮೀರಿದ ನೀರು. ಅಂಕಿಯ ಪಕ್ಕದಲ್ಲಿ ಯಾವ ರೂಪ ಎಂದು ಬರೆದಿಲ್ಲದಿದ್ದರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ.

ಯಾವುದು ತೆಗೆಯುತ್ತದೆ, ಯಾವುದು ತೆಗೆಯುವುದಿಲ್ಲ?

ತೆಗೆಯದವು: ಕುದಿಸುವುದು, ಬಟ್ಟೆಯಲ್ಲಿ ಸೋಸುವುದು, ಪಟಿಕ, ಕ್ಲೋರಿನ್, ಬ್ಲೀಚಿಂಗ್ ಪುಡಿ, ಯುವಿ ಫಿಲ್ಟರ್, ಕ್ಯಾಂಡಲ್ ಫಿಲ್ಟರ್, ಇದ್ದಿಲಿನ ಫಿಲ್ಟರ್, ತಾಮ್ರದ ಬಿಂದಿಗೆ, ನಲ್ಲಿಗೆ ಹಾಕುವ ಸಾಫ್ಟ್‌ನರ್. ಇವುಗಳಲ್ಲಿ ಕೆಲವು ಬೇರೆ ಕೆಲಸಕ್ಕೆ ಒಳ್ಳೆಯವು, ನೈಟ್ರೇಟ್‌ಗೆ ಮಾತ್ರ ಉಪಯೋಗವಿಲ್ಲ.

ತೆಗೆಯುವವು: ಆರ್‌ಒ, ನೈಟ್ರೇಟ್‌ಗಾಗಿಯೇ ಇರುವ ಅಯಾನು ವಿನಿಮಯ ಘಟಕ, ಬಟ್ಟಿ ಇಳಿಸುವುದು. ಮನೆಗೆ ಎಟಕುವುದು ಆರ್‌ಒ. ಹಳ್ಳಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ "ಫಿಲ್ಟರ್ ನೀರಿನ" ಘಟಕವೂ ಸಾಮಾನ್ಯವಾಗಿ ಆರ್‌ಒನೇ.

ಆರ್‌ಒ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೂರು ಸಂಗತಿ ನೋಡಿಕೊಳ್ಳಿ.

ಮೊದಲನೆಯದು ಟಿಡಿಎಸ್ ಕಂಟ್ರೋಲರ್. ಅನೇಕ ಯಂತ್ರಗಳಲ್ಲಿ ರುಚಿ ಮತ್ತು ಖನಿಜಾಂಶಕ್ಕೆಂದು ಸೋಸುವ ಪೊರೆ (ಮೆಂಬ್ರೇನ್) ದಾಟದ ನೀರನ್ನು ಸ್ವಲ್ಪ ಬೆರೆಸುವ ಸಣ್ಣ ವಾಲ್ವ್ ಇರುತ್ತದೆ. ಲೀಟರಿಗೆ 120 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಿಂದ ಆರ್‌ಒ ಶೇ 80ರಷ್ಟು ತೆಗೆದರೆ 24 ಉಳಿಯುತ್ತದೆ. ಬೆರೆತ ನೀರಿನಲ್ಲಿ ಮೂರನೇ ಒಂದು ಭಾಗ ಹಾಗೆಯೇ ಬಂದ ನೀರಾದರೆ ಲೋಟಕ್ಕೆ ಬರುವುದು 56, ಮಿತಿಗಿಂತ ಹೆಚ್ಚು. ನಿಮ್ಮ ನೀರಿನಲ್ಲಿ ನೈಟ್ರೇಟ್ ಇದ್ದರೆ ಆ ವಾಲ್ವ್ ಮುಚ್ಚಿಸಿ.

ಎರಡನೆಯದು ಮೆಂಬ್ರೇನ್. ಹಳತಾದಂತೆ ಅದು ನೈಟ್ರೇಟ್ ಬಿಡತೊಡಗುತ್ತದೆ. ನೀರು ತೆಳ್ಳಗೆ, ಸಿಹಿಯಾಗಿಯೇ ಇರುತ್ತದೆ. ಯಂತ್ರದಿಂದ ಹೊರಬರುವ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಊರಿನ ಘಟಕವಾದರೆ ಮೆಂಬ್ರೇನ್ ಬದಲಿಸಿದ ದಿನಾಂಕ ಕೇಳಿ.

ಮೂರನೆಯದು ಹೊರಹೋಗುವ ನೀರು. ತೆಗೆದ ನೈಟ್ರೇಟ್ ಎಲ್ಲ ಅದರಲ್ಲೇ ಇರುತ್ತದೆ. ಅದನ್ನು ಬಾವಿಗೆ, ಮಳೆಕೊಯ್ಲಿನ ಇಂಗುಗುಂಡಿಗೆ ಬಿಡಬೇಡಿ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಲವಣ ಅತಿಯಾಗಿಲ್ಲದಿದ್ದರೆ ಬಾಳೆ, ಹೂಗಿಡಕ್ಕೆ ಹಾಕಬಹುದು, ಗಿಡಕ್ಕೆ ನೈಟ್ರೇಟ್ ಗೊಬ್ಬರವೇ.

ಯಂತ್ರಕ್ಕಿಂತ ಒಳ್ಳೆಯ ದಾರಿ, ಎಲ್ಲಿ ಸಾಧ್ಯವೋ ಅಲ್ಲಿ, ನೀರಿನ ಮೂಲವನ್ನೇ ಬದಲಿಸುವುದು. ಸ್ನಾನ, ಪಾತ್ರೆ, ಬಟ್ಟೆಗೆ ಬೋರ್‌ವೆಲ್ ನೀರು ಸಾಕು, ನೈಟ್ರೇಟ್ ಚರ್ಮದ ಮೂಲಕ ಅಪಾಯ ತರುವುದಿಲ್ಲ. ಕುಡಿಯಲು, ಅಡುಗೆಗೆ ಮಾತ್ರ ಬೇರೆ ನೀರು ಸಾಕು. ಶುದ್ಧ ಚಾವಣಿಯಿಂದ ಹಿಡಿದು ಮುಚ್ಚಿದ ತೊಟ್ಟಿಯಲ್ಲಿಟ್ಟ ಮಳೆನೀರಿನಲ್ಲಿ ನೈಟ್ರೇಟ್ ತೀರಾ ಕಡಿಮೆ. ಮೊದಲ ಮಳೆಯ ನೀರು ಬಿಟ್ಟು, ಸೋಸಿ, ಕುದಿಸಿ ಬಳಸಿ. ಕಾವೇರಿ 5ನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೂ ನದಿ ನೀರಿನ ಸಂಪರ್ಕ ಸಿಗುತ್ತಿದೆ. ಸಂಪರ್ಕ ಪಡೆದ ಕೆಲವು ಅಪಾರ್ಟ್‌ಮೆಂಟ್‌ಗಳು ಒಂದು ತಪ್ಪು ಮಾಡುತ್ತವೆ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಎಲ್ಲವನ್ನೂ ಒಂದೇ ಸಂಪಿಗೆ ಬಿಡುತ್ತವೆ. ಅಡುಗೆಮನೆಗೆ ಹೋಗುವ ಕಾವೇರಿ ಲೈನನ್ನು ಬೇರೆಯಾಗಿಯೇ ಇಡಿಸಿ.

ಮೂಲದಲ್ಲೇ ತಡೆಯುವುದು

ಹಿತ್ತಲಿನಲ್ಲಿ: ಶೌಚದ ಗುಂಡಿ, ತಿಪ್ಪೆ, ಕೊಟ್ಟಿಗೆಯ ಗಂಜಲದ ತಗ್ಗು ಬಾವಿಯಿಂದ ಕನಿಷ್ಠ 50 ಅಡಿ, ಜಾಗವಿದ್ದರೆ 100 ಅಡಿ ದೂರ, ಇಳಿಜಾರಿನ ಕೆಳಭಾಗದಲ್ಲಿರಲಿ. ತಿಪ್ಪೆಯ ತಳಕ್ಕೆ ಜೇಡಿಮಣ್ಣು ಬಡಿದು ಗಟ್ಟಿಮಾಡಿ, ಮಳೆಗಾಲದಲ್ಲಿ ಮೇಲೆ ಹೊದಿಸಿ. ಗಂಜಲವನ್ನು ಸಿಮೆಂಟ್ ತೊಟ್ಟಿಗೆ ಹಿಡಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಬೋರ್‌ವೆಲ್ ಬಾಯಿಯ ಸುತ್ತ ಕಾಂಕ್ರೀಟ್ ಕಟ್ಟೆ ಹಾಕಿಸಿ, ಕೇಸಿಂಗ್ ಪೈಪ್ ನೆಲದಿಂದ ಒಂದೆರಡು ಅಡಿ ಮೇಲಿರಲಿ. ಬತ್ತಿದ ಬೋರ್‌ವೆಲ್ಲನ್ನು ಕೊಳಚೆ ಬಿಡುವ ಗುಂಡಿ ಮಾಡಿಕೊಳ್ಳುವುದು ಊರಿಗೇ ವಿಷ ಹಾಕಿದ ಹಾಗೆ.

ಹೊಲದಲ್ಲಿ: ಯೂರಿಯಾ ಅಗ್ಗ, ಎಲೆ ಹಸಿರಾಗುತ್ತದೆ ಎಂದು ಕೈ ಮುಂದೆ ಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸು ಮಾಡಿದಷ್ಟನ್ನೇ ಎರಡು ಮೂರು ಕಂತಿನಲ್ಲಿ ಕೊಡಿ. ಬೇರು ಚಿಕ್ಕದಿರುವಾಗ ಒಟ್ಟಿಗೆ ಸುರಿದರೆ ಹೀರುವವರಿಲ್ಲ. ಜೋರು ಮಳೆಯ ಮುನ್ಸೂಚನೆ ಇದ್ದರೆ ಗೊಬ್ಬರ ಮುಂದೂಡಿ. ಹನಿ ನೀರಾವರಿ ಇದ್ದವರು ರಸಾವರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಗೊಬ್ಬರವೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಈಗಾಗಲೇ ನೈಟ್ರೇಟ್ ಹೆಚ್ಚಿದ್ದರೆ ಅದೂ ಸಾರಜನಕವೇ. ಆ ಲೆಕ್ಕದಲ್ಲಿ ಯೂರಿಯಾ ಎಷ್ಟು ಇಳಿಸಬಹುದು ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಇಷ್ಟು ಮಾಡಿದರೂ ಅಂಕಿ ಮರುವರ್ಷವೇ ಇಳಿಯುವುದಿಲ್ಲ. ನೆಲದಲ್ಲಿ ಈಗಾಗಲೇ ಇರುವುದು ತೊಳೆದುಹೋಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕುಡಿಯುವ ನೀರಿನ ವ್ಯವಸ್ಥೆ ಬೇರೆ ಇರಬೇಕು.

ಸಾಮಾನ್ಯ ಪ್ರಶ್ನೆಗಳು

ಸೊಪ್ಪಿನಲ್ಲೂ ನೈಟ್ರೇಟ್ ಇದೆಯಂತೆ, ಬಿಡಬೇಕೇ?
ಬೇಡ. ಪಾಲಕ್, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಹೇರಳವಾಗಿದೆ, ಆದರೆ ಜೊತೆಗಿರುವ ಸಿ ಜೀವಸತ್ವ ಮತ್ತಿತರ ಅಂಶಗಳು ಅದು ಕೆಟ್ಟ ಸಂಯುಕ್ತಗಳಾಗದಂತೆ ತಡೆಯುತ್ತವೆ. ಬೇಯಿಸಿದ ಸೊಪ್ಪಿನ ಪದಾರ್ಥವನ್ನು ಹೊರಗೆ ಬಹಳ ಹೊತ್ತು ಇಟ್ಟು ಮಗುವಿಗೆ ಕೊಡಬೇಡಿ, ಇಟ್ಟಷ್ಟೂ ನೈಟ್ರೈಟ್ ಹೆಚ್ಚುತ್ತದೆ.

ನಾವೆಲ್ಲ ಇದೇ ನೀರು ಕುಡಿದು ಬೆಳೆದೆವು, ಏನೂ ಆಗಲಿಲ್ಲವಲ್ಲ?
ನೀವು ಕುಡಿದದ್ದು ಇದೇ ಬಾವಿಯಾದರೂ ಇದೇ ನೀರಲ್ಲ. ಆಗ ಊರಿನಲ್ಲಿ ಇಷ್ಟು ಯೂರಿಯಾ ಇರಲಿಲ್ಲ, ಇಷ್ಟು ಶೌಚದ ಗುಂಡಿಗಳೂ ಇರಲಿಲ್ಲ. ಮೇಲಾಗಿ ಕೂಸುಗಳು ಎದೆಹಾಲಿನಲ್ಲೇ ಬೆಳೆಯುತ್ತಿದ್ದವು.

ದನಕರುಗಳಿಗೆ?
ದನಗಳು ಮನುಷ್ಯರಿಗಿಂತ ಹೆಚ್ಚು ಮಟ್ಟವನ್ನು ತಾಳುತ್ತವೆ. ಆದರೆ ಬರದಲ್ಲಿ ಬಾಡಿದ ಜೋಳದ ಮೇವಿನಲ್ಲೂ ನೈಟ್ರೇಟ್ ಕೂಡಿಕೊಳ್ಳುತ್ತದೆ. ಮೇವು, ನೀರು ಎರಡರಲ್ಲೂ ಇದ್ದರೆ ದನಕ್ಕೂ ವಿಷ. ಮೇವು ತಿಂದ ದನ ಏದುಸಿರು ಬಿಟ್ಟು ತೂರಾಡಿದರೆ ಪಶುವೈದ್ಯರನ್ನು ಕರೆಸಿ.

ಪಂಚಾಯಿತಿಯಲ್ಲಿ ಏನು ಕೇಳಬೇಕು?

ಜಲಜೀವನ್ ಮಿಷನ್ನಿನ "ಮನೆ ಮನೆಗೆ ಗಂಗೆ" ಯೋಜನೆಯ ನಲ್ಲಿಗೆ ನೀರು ಕೊಡುವ ಬೋರ್‌ವೆಲ್ ಯಾವುದು ಎಂದು ನೀರುಗಂಟಿಯನ್ನು ಕೇಳಿ. ಆ ಮೂಲದ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಕಳೆದ ಪರೀಕ್ಷೆಯ ವರದಿಯನ್ನು ಪಿಡಿಒ ಬಳಿ ನೋಡಿ, ಅದರಲ್ಲಿ ನೈಟ್ರೇಟ್ ಅಂಕಿ ಇಲ್ಲದಿದ್ದರೆ ಮತ್ತೆ ಮಾಡಿಸಲು ಅರ್ಜಿ ಕೊಡಿ. 45 ಮೀರಿದ್ದರೆ ಕುಡಿಯಲು ಬೇರೆ ಮೂಲ ಕೊಡಿ ಎಂಬ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಊರಿನಲ್ಲಿ ಬಾಟಲಿ ಹಾಲು ಕುಡಿಯುವ ಕೂಸುಗಳಿರುವ ಮನೆಗಳ ಪಟ್ಟಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಪರೀಕ್ಷೆಯ ಫಲಿತಾಂಶ ಮೊದಲು ಆ ಮನೆಗಳಿಗೆ ತಲುಪಬೇಕು, ಬದಲಿ ನೀರಿನ ಮೊದಲ ಕ್ಯಾನ್ ಕೂಡ ಅವರಿಗೇ ಸಿಗಬೇಕು.